ಚನ್ನೇಶನ ನಂಬರು

"ಈ ಸಲಾನೂ ಒಲ್ಲೆ ಅಂತೈತ್ರಿ ಅಕ್ಕಾರ," ಎಂದು ನಾಸೀರ ಮೌಸನ್ನು ಅತ್ತ ದೂಡಿ ಕುರ್ಚಿಗೆ ಒರಗಿದ. ಪರದೆಯ ಬಲಮೂಲೆಯಲ್ಲಿ ‘ವಿಂಡೋಸ್ ಆಕ್ಟಿವೇಟ್ ಮಾಡಿ’ ಎನ್ನುವ ಬೂದುಬಣ್ಣದ ಅಕ್ಷರಗಳು ನಿನ್ನೆ ಹೇಗಿದ್ದವೋ ಇವತ್ತೂ ಹಾಗೇ ಕುಂತಿದ್ದವು. ಬೆಳಗಿನಿಂದ ಅವನು ಮಾಡದ ಉಪಾಯವಿಲ್ಲ. ತಾರೀಖು ತಿದ್ದಿದ, ತನ್ನ ಮೊಬೈಲಿನಿಂದ ನೆಟ್ ಕೊಟ್ಟ, ಕಂಪ್ಯೂಟರು ಬಂದ್ ಮಾಡಿ ಮತ್ತೆ ಹಚ್ಚಿದ. ಏನು ಮಾಡಿದರೂ ಅದೇ ತಕರಾರು, ಅದೇ ಕೆಂಪು ಗುರುತು.

"ಹೊಸಾ ಬೋರ್ಡ್ ಹಾಕೀರಿ, ಮತ್ತೇನ್ ಧಾಡಿ ಇದಕ್ಕ?" ಎಂದಳು ತನುಜಾ.

"ಅದರದ ಧಾಡಿ ನೋಡ್ರಿ. ಹಳೇ ಬೋರ್ಡಿನ ಗುರ್ತಿನ ಮ್ಯಾಲ ಇದರ ಲೈಸೆನ್ಸ್ ಇತ್ತು. ಸಿಡ್ಲ ಬಡದು ಅದು ಸುಟ್ಟು ಹೋತು. ಹೊಸಾದು ಹಾಕಿದ ಕೂಡ್ಲೆ, ಇದು ಯಾರದೋ ಬ್ಯಾರೇ ಕಂಪ್ಯೂಟರ್ ಅಂತ ತಿಳ್ಕೊಂಡೇತಿ."

ಸವಣೂರಿನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ನಾಸೀರ ತನುಜಾಳ ಗಂಡ ಚನ್ನೇಶನ ಗೆಳೆಯ. ಬೇರೆ ಯಾರ ಮನೆಗೂ ಹೋಗಿ ರಿಪೇರಿ ಮಾಡುವವನಲ್ಲ. ಹತ್ತಿಮತ್ತೂರಿನ ಈ ಮನೆಗೆ ಮಾತ್ರ ಕರೆದಾಗಲೆಲ್ಲ ಗಾಡಿ ಹತ್ತಿ ಬರುತ್ತಿದ್ದ. ಎರಡು ವರ್ಷದ ಹಿಂದೆ ಚನ್ನೇಶ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕುಸಿದವನು ಏಳಲೇ ಇಲ್ಲ. ಅವನಿಟ್ಟು ಹೋದ ಕಂಪ್ಯೂಟರಿನ ಮೇಲೆ ತನುಜಾ ಬೀಜದ ಕಂಪನಿಯೊಂದರ ಕೆಲಸ ಮಾಡುತ್ತಿದ್ದಳು. ಯಾವ ರೈತ ಎಷ್ಟು ಬಿತ್ತಿದ, ಎಷ್ಟು ಬೆಳೆದ ಎಂದು ಕೂಡಿಸಿ ಕಳಿಸುವ ಕೆಲಸ. ಆಕ್ಟಿವೇಟ್ ಆಗದ ಕಂಪ್ಯೂಟರಿನಲ್ಲಿ ನಾಳೆಯಿಂದ ತಮ್ಮ ಪ್ರೋಗ್ರಾಮು ತೆರೆಯುವುದಿಲ್ಲ ಎಂದು ಕಂಪನಿಯವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು.

"ನನ್ನ ಮಾತ ಕೇಳ್ರಿ. ಎಲ್ಲಾ ಒರಸಿ ಹೊಸಾದ ಹಾಕ್ತೇನಿ, ನಿಮ್ಮ ಹೆಸರಿನ್ಯಾಗ. ಮುಂದ ಯಾವ ಕಿರಿಕಿರೀನೂ ಇರಂಗಿಲ್ಲ."

ತನುಜಾ ಬಾಗಿಲ ಕಡೆ ನೋಡಿದಳು. ಅತ್ತೆ ಮಹಾದೇವಕ್ಕ ಚಹಾದ ಕಪ್ಪು ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ಕಂಪ್ಯೂಟರು ಹಚ್ಚಿದಾಗ ಮೊದಲು ಚನ್ನೇಶನ ಫೋಟೋ ಮೂಡುತ್ತದೆ, ಕೆಳಗೆ ಅವನ ಹೆಸರು. ಮುದುಕಿಗೆ ಹೆಸರು ಓದಲಿಕ್ಕೆ ಬಾರದು, ಮುಖಕ್ಕೆ ಓದು ಬೇಕೇ? ದಿನಾ ಬೆಳಿಗ್ಗೆ ಬಂದು ನಿಂತು, ಆ ಮುಖ ಮೂಡಿ ಮರೆಯಾಗುವ ತನಕ ನೋಡಿಯೇ ಒಲೆಯ ಮುಂದೆ ಹೋಗುವುದು. ಅದನ್ನು ಒರೆಸಿರಿ ಎಂದು ಯಾವ ಬಾಯಿಂದ ಹೇಳಬೇಕು? ಅವಳ ಮಾತು ಇರಲಿ, ತನುಜಾಳಿಗೇ ಆ ಮುಖ ಬೇಕಾಗಿತ್ತು.

"ಬ್ಯಾರೆ ಹಾದಿ ಇಲ್ಲೇನ್ರಿ?"

"ಐತಿ. ಚನ್ನೇಶನ ಅಕೌಂಟಿನ್ಯಾಗ ಹೋಗಿ, ‘ಇದು ನಂದಽ ಕಂಪ್ಯೂಟರು, ಬೋರ್ಡ್ ಅಷ್ಟ ಬದಲಿ ಆಗೇತಿ’ ಅಂತ ಹೇಳಬೇಕು. ಅದಕ್ಕ ಅವನ ಮೊಬೈಲಿಗೆ ಒಂದು ಕೋಡ್ ಬರ್ತೈತಿ. ಫೋನ್ ಎಲ್ಲೈತ್ರಿ?"

ಫೋನು ಎಲ್ಲಿದೆ ಎನ್ನುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ತನ್ನ ಗಂಡ ಉಳವಪ್ಪನಿಗೆ ಮಣ್ಣು ಕೊಟ್ಟ ದಿನ ಮಹಾದೇವಕ್ಕ ಅವನ ತಂಬಾಕಿನ ಚೀಲವನ್ನು ಅವನ ಮಗ್ಗುಲಲ್ಲೇ ಇಟ್ಟವಳು. ಮಗನ ಸರದಿ ಬಂದಾಗ ಫೋನಿಟ್ಟಳು. "ಅದನ್ನ ಬಿಟ್ಟು ಒಂದ್ ತಾಸು ಇದ್ದವನಲ್ಲ ನನ್ನ ಕೂಸು," ಎಂದು ಅತ್ತಳು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಮುಖ ಸಿಂಡರಿಸಿದರೂ ಹೆತ್ತ ಕರುಳಿಗೆ ಎದುರಾಡಲಿಲ್ಲ. ಬಾಜೂ ಹೊಲದ ಮೈಲಾರಲಿಂಗ, ಇವರ ಹೊಲದಲ್ಲೇ ತೋಡಿದ್ದ ಕುಣಿಗೆ ಇಳಿದು, ವಿಭೂತಿ ಬಳಿದು ಕೂಡಿಸಿದ್ದ ಚನ್ನೇಶನ ತೊಡೆಯ ಮೇಲೆ ಅದನ್ನಿಟ್ಟು ಮೇಲೆ ಬಂದಿದ್ದ.

"ಮಣ್ಣಾಗ ಐತಿ," ಎಂದಳು ತನುಜಾ.

ನಾಸೀರ ಹಣೆ ಒತ್ತಿಕೊಂಡ. "ಹೌದಲ್ಲ... ಮರ್ತಿದ್ದೆ. ಆದ್ರ ಫೋನ್ ಎಲ್ಲಿದ್ರ ಏನು, ನಂಬರ್ ಚಾಲೂ ಇದ್ರ ಕೋಡ್ ಹೋಗ್ತೈತಿ. ಇಷ್ಟೊತ್ತಿಗೆ ಸಿಮ್ ಕಂಪನಿಯವರು ಅದನ್ನ ಬ್ಯಾರೇ ಯಾರಿಗರ ಕೊಟ್ಟಿರ್ತಾರ. ಫೋನ್ ಹಚ್ಚಿ ಕೇಳೂಣು."

"ಬ್ಯಾಡ," ಎಂದಳು ಮಹಾದೇವಕ್ಕ. ಚಹಾದ ಕಪ್ಪನ್ನು ಹೊಸ್ತಿಲ ಮೇಲಿಟ್ಟು ಒಳಗೆ ಬಂದಳು. "ಆ ನಂಬರಿಗೆ ಹಚ್ಚಬ್ಯಾಡ್ರಿ."

"ಯಾಕತ್ತಿ?"

ಮುದುಕಿ ಗೋಡೆಯ ಕಡೆ ತಿರುಗಿದಳು. ಈಚೆಗೆ ಅವಳ ನಡೆಯೇ ವಿಚಿತ್ರವಾಗಿತ್ತು. ಮಳೆಗಾಲ ಹಿಡಿದಾಗಿನಿಂದ ಅವಳಿಗೊಂದು ಹುಚ್ಚು: ಸಂಜೆಯಾದರೆ ಹೊಲಕ್ಕೆ ಹೋಗಿ ಜಾಲಿಯ ಮುಳ್ಳುಕಂಟಿ ಕಡಿದು ಮಗನ ಸಮಾಧಿಯ ಮೇಲೆ ಹೇರುವುದು. ಕೇಳಿದರೆ, "ನರಿ ಕೆದರ್ತಾವ." ಆ ಹೊಲದಲ್ಲಿ ನರಿ ಕಂಡವರೇ ಇಲ್ಲ. ಗೋವಿನಜೋಳಕ್ಕೆ ಕಾಡುಹಂದಿ ಬೀಳದಂತೆ ಕಾಯುತ್ತ ಹೊಲದಲ್ಲೇ ಇರುವ ಮೈಲಾರಲಿಂಗನಿಗೆ ದಿನಾ ಒಯ್ಯುತ್ತಿದ್ದ ಮಜ್ಜಿಗೆಯನ್ನೂ ನಿಲ್ಲಿಸಿದ್ದಳು. ಅವನನ್ನು ಕಂಡರೆ ಮುಖ ತಿರುವುತ್ತಿದ್ದಳು. "ನಂದೇನ್ ತಪ್ಪಾತು ತಂಗೀ?" ಎಂದು ಅವನು ಒಮ್ಮೆ ತನುಜಾಳನ್ನು ಕೇಳಿದ್ದ, ಅವಳಿಗೆ ಗೊತ್ತಿದ್ದರಲ್ಲವೇ ಹೇಳುವುದು!

ಬೀಜದ ಕಂಪನಿಯ ಭಯಕ್ಕೆ ಗಟ್ಟಿ ಮನಸ್ಸು ಮಾಡಿ ತನುಜಾ ನಂಬರು ಒತ್ತಿದಳು. ಸ್ಪೀಕರಿಗೆ ಹಾಕಿದಳು. ರಿಂಗಾಯಿತು. ಎಳೆಯ ಹೆಣ್ಣುದನಿಯೊಂದು, "ಹಲೋ, ಯಾರ್ರಿ?" ಎಂದಿತು. ಹಿರೇಕೆರೂರಿನ ಹುಡುಗಿಯಂತೆ, ಸುಮೇರಾ ಅಂತೆ. ಕೋಡಿನ ಮಾತು ಎತ್ತುತ್ತಲೇ ಅವಳು ಸಿಡುಕಿದಳು. "ಒಟಿಪಿ ಕೇಳಾಕತ್ತೀರಿ? ನನಗೇನ್ ಹುಚ್ಚಿ ಮಾಡೀರಿ? ಪೊಲೀಸರಿಗೆ ಹೇಳ್ತೇನಿ ನೋಡ್ರಿ."

"ಇಲ್ಲವ್ವಾ, ಮೋಸಲ್ಲ. ಈ ನಂಬರು ಮೊದಲ ನಮ್ಮ ಮನೆಯವರದಿತ್ತು. ಅವರು ತೀರಿಕೊಂಡಾರ. ಹತ್ತಿಮತ್ತೂರಿಂದ ಮಾತಾಡಾಕತ್ತೇನಿ."

ಆ ಕಡೆ ಹುಡುಗಿ ದನಿ ತಗ್ಗಿಸಿ, "ಅಕ್ಕಾರ, ಹಂಗಾರ ಒಬ್ಬಾಕಿ ಅಜ್ಜಿ ಫೋನ್ ಮಾಡ್ತಾರಲ್ರಿ, ಅವರು ನಿಮ್ಮ ಮನಿಯವರ ಏನು?" ಎಂದಳು.

"ಯಾವ ಅಜ್ಜಿ?"

"ಯಾರೋ ಏನೋ ರಿ. ನಾ ಹಲೋ ಅನ್ನೂದ ತಡಾ, ‘ಕಳ್ಳೀ, ಸತ್ತವನ ಕೈಯಾಗಿಂದ ಕಸಗೊಂಡಿ, ನಿನ್ನ ಕೈ ಸೇದಿ ಬಿದ್ದುಹೋಗ್ಲಿ! ಎಲ್ಲಿಂದ ತಗೊಂಡಿ ಅಲ್ಲೇ ಇಡು’ ಅಂತ ಬೈತಾರ. ಬೈದು ಬೈದು ಅಳ್ತಾರ. ನಮ್ಮ ಅಮ್ಮಿ ಬ್ಲಾಕ್ ಮಾಡಂದ್ಳು. ವಯಸ್ಸಾದವರು, ಏನ್ ಸಂಕಟ ಐತೋ ಅಂತ ನಾನಽ ಬಿಟ್ಟೇನಿ."

ತನುಜಾ ಹೊರಳಿ ನೋಡಿದಳು. ಮಹಾದೇವಕ್ಕ ಗೋಡೆ ಹಿಡಿದು ನೆಲಕ್ಕೆ ಕುಂತಿದ್ದಳು. ಅಯ್ಯೋ ಶಿವನೇ! ಜಾಲಿಕಂಟಿ ಯಾಕೆ, ಮಜ್ಜಿಗೆ ನಿಂತದ್ದು ಯಾಕೆ, ಎಲ್ಲಾ ಒಂದೇ ಸಲಕ್ಕೆ ತನುಜಾಳಿಗೆ ತಿಳಿಯಿತು.

"ಸ್ವಿಚ್ ಆಫ್ ಅಂತಿತ್ತು ಮೊದಲ," ಎಂದಳು ಮುದುಕಿ, ಯಾರನ್ನೂ ನೋಡದೆ. "ಅದನ್ನ ಕೇಳಾಕರ ಹಚ್ಚತಿದ್ದೆ. ಒಂದಿನಾ ರಿಂಗ್ ಆತು. ಹೆಣ್ಣುಮಗಳು ಎತ್ತಿದ್ಲು. ಮಣ್ಣಾಗ ಇದ್ದ ಫೋನ್ ಆಕಿ ಕೈಗೆ ಹೆಂಗ ಬಂತು? ಕುಣಿ ಅಗದು ನನ್ನ ಮಗನ್ನ ಎಬ್ಬಿಸಿ ಕಸಗೊಂಡು ಹೋಗ್ಯಾರಂತ... ಅಲ್ಲಿಟ್ಟವ ಮೈಲಾರಲಿಂಗ, ಹಗಲೂ ರಾತ್ರಿ ಹೊಲದಾಗ ಇರಾವನೂ ಅವನಽ. ನಿನಗ ಹೆಂಗ ಹೇಳ್ಲಿ ಯವ್ವಾ?"

ನಾಸೀರ ಕುರ್ಚಿ ಬಿಟ್ಟು ಅವಳ ಮುಂದೆ ಕುಕ್ಕರುಗಾಲಲ್ಲಿ ಕುಂತ. "ಅವ್ವಾರ, ಯಾರೂ ಅಗದಿಲ್ಲ. ಫೋನ್ ಅಲ್ಲೇ ಐತಿ. ರಿಚಾರ್ಜ್ ಇಲ್ಲದ ನಂಬರನ್ನ ಕಂಪನಿಯವರು ತಿರುಗಿ ಬ್ಯಾರೆಯವರಿಗೆ ಕೊಡ್ತಾರ. ಅಷ್ಟಽ ಆಗಿದ್ದು."

"ಹಂಗಾರ ಅವನನ್ನ ಯಾರೂ ಮುಟ್ಟಿಲ್ಲ?"

"ಇಲ್ರಿ."

"ನಂಬರು ಮಾತ್ರ ಅವಂದಲ್ಲ."

ಮಹಾದೇವಕ್ಕ ಕೈ ಚಾಚಿ ಫೋನು ಇಸಕೊಂಡಳು. "ತಂಗೀ, ನಾನಽ ಆಕಿ," ಎಂದಳು. "ತಪ್ಪಾತವ್ವಾ. ನಿನ್ನ ಕೈ ಚಂದ ಇರ್ಲಿ. ಬಳಿ ತುಂಬಿರ್ಲಿ." ಆ ಕಡೆಯಿಂದ ಮೂಗು ಎಳೆದುಕೊಂಡ ಸಪ್ಪಳ ಕೇಳಿಸಿತು. ಆಮೇಲೆ ಹುಡುಗಿ, "ಕೋಡ್ ಕಳಸ್ರಿ ಅಕ್ಕಾರ," ಎಂದಳು. ಬಂದದ್ದನ್ನು ಒಂದೊಂದೇ ಅಂಕಿಯಾಗಿ ಓದಿದಳು.

ನಾಸೀರ ಅಂಕಿ ಒತ್ತಿದ, ಹಳೆಯ ಕಂಪ್ಯೂಟರಿನ ಹೆಸರು ಆರಿಸಿದ, ಕಾದ. ಮೂಲೆಯ ಅಕ್ಷರಗಳು ಸದ್ದಿಲ್ಲದೆ ಹೋದವು. ಬಂದ್ ಮಾಡಿ ಮತ್ತೆ ಹಚ್ಚಿದಾಗ ಚನ್ನೇಶ ಎಂದಿನಂತೆ ನಗುತ್ತ ಮೂಡಿದ. ನೋಡಲಿಕ್ಕೆ ಮಹಾದೇವಕ್ಕ ಅಲ್ಲಿರಲಿಲ್ಲ. ಹಿತ್ತಲಲ್ಲಿ ತಂಬಿಗೆಗೆ ಮಜ್ಜಿಗೆ ಸುರುವುತ್ತಿದ್ದಳು.

ತನುಜಾ ಅವಳ ಬೆನ್ನಿಗೇ ಹೊಲಕ್ಕೆ ಹೋದಳು. ಮುದುಕಿ ತಂಬಿಗೆಯನ್ನು ಬದುವಿನ ಮೇಲಿಟ್ಟು ಬರಿಗೈಯಲ್ಲಿ ಕಂಟಿ ಎಳೆಯತೊಡಗಿದಳು. ಮೈಲಾರಲಿಂಗ ತನ್ನ ಹೊಲದಿಂದ ನೋಡುತ್ತ ನಿಂತವನು ಮೆಲ್ಲಗೆ ಬಂದು, ಏನೂ ಕೇಳದೆ, ಕಂಟಿಯ ಮತ್ತೊಂದು ತುದಿ ಹಿಡಿದ. ಅಷ್ಟೂ ಮುಳ್ಳು ಸರಿದ ಮೇಲೆ ಸಮಾಧಿ ಕಂಡಿತು. ದನ ಬಾಯಿ ಹಾಕದ್ದರಿಂದ ಕರಕಿ ಹುಲ್ಲು ಮೊಣಕಾಲೆತ್ತರ ಬೆಳೆದು ಹೆಣೆದುಕೊಂಡಿತ್ತು. ಮಣ್ಣು ಎಲ್ಲೂ ಕದಲಿರಲಿಲ್ಲ.

"ಕುಡೀ ಅಣ್ಣಾ," ಎಂದು ಮಹಾದೇವಕ್ಕ ತಂಬಿಗೆ ಕೊಟ್ಟಳು. ಅವನು ಎತ್ತಿ ಒಂದೇ ಉಸಿರಿಗೆ ಕುಡಿದು, ಮೀಸೆ ಒರೆಸಿಕೊಂಡು, ಅತ್ತ ತಿರುಗಿ ನಿಂತ.

ಅವಳು ಸೊಂಟದ ಚೀಲದಿಂದ ತನ್ನ ಸಣ್ಣ ಫೋನು ತೆಗೆದು ಸೊಸೆಯ ಕೈಗಿಟ್ಟಳು. "ಎರಡರ ಅಂಕಿ ಒತ್ತಿದ್ರ ಸೀದಾ ಆ ಹುಡುಗಿಗೆ ಹೋಗ್ತೈತಿ. ತಗದಬಿಡವ್ವಾ."

"ಬ್ಯಾರೆ ಯಾರದರ ನಂಬರ್ ಇಡ್ಲೇನತ್ತಿ?"

"ಬ್ಯಾಡ. ಖಾಲಿ ಇರ್ಲಿ."

‘ಅಳಿಸಬೇಕೆ?’ ಎಂದು ಫೋನು ಕೇಳಿತು. ತನುಜಾ ಹೆಬ್ಬೆರಳಿಟ್ಟುಕೊಂಡು ನಿಂತಳು. ಮಹಾದೇವಕ್ಕ ಅವಳ ಕಡೆ ನೋಡಲಿಲ್ಲ. ಕರಕಿಯೊಳಗೆ ಮುರಿದು ಉಳಿದಿದ್ದ ಮುಳ್ಳುಗಳನ್ನು ಆರಿಸಿ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.