ಪೀಕದಾನಿ ಬೆಲೆಗೆ ಹೋದ ಗೂಬೆ

ಅಕ್ಕನ ಎರಡೂ ಮೊಣಕಾಲುಗಳು ಒಂದು ಜೋಡಿ ಗೂಬೆಗಳನ್ನು ನಂಬಿಕೊಂಡಿದ್ದವು.

ಹಳೇ ಸಾಮಾನಿನ ಅಂಗಡಿ ನಡೆಸುವ ಆಕೆಯನ್ನು ಬೀದಿಯಲ್ಲಿ ಎಲ್ಲರೂ, ಆಕೆಗಿಂತ ದೊಡ್ಡವರೂ, ಅಕ್ಕ ಎಂದೇ ಕರೆಯುತ್ತಿದ್ದರು. ಮೂಳೆ ಡಾಕ್ಟರು ಕಾಲು ಮಡಚಿಸಿ, ಬಿಡಿಸಿ, 'ಎರಡೂ ಸವೆದಿವೆ, ಬದಲಾಯಿಸಬೇಕು' ಎಂದ ದಿನವೇ ಅಕ್ಕ ಮನಸ್ಸಿನಲ್ಲಿ ಇತ್ಯರ್ಥ ಮಾಡಿಕೊಂಡಿದ್ದಳು: ಎಡಗಾಲಿಗೆ ಎಡಗೂಬೆ, ಬಲಗಾಲಿಗೆ ಬಲಗೂಬೆ.

ಪಿಂಗಾಣಿ ಗೂಬೆಗಳು ಅವು. ಕಡುನೀಲಿ ಮೈ, ಹಳದಿ ಗಾಜಿನ ಕಣ್ಣು, ಒಂದು ಎಡಕ್ಕೆ ಕತ್ತು ತಿರುಗಿಸಿದ್ದು, ಇನ್ನೊಂದು ಬಲಕ್ಕೆ. ತೀರಿಹೋದ ಹಲ್ಲಿನ ಡಾಕ್ಟರೊಬ್ಬರ ಮನೆ ಖಾಲಿ ಮಾಡಿಸುವಾಗ ಸಿಕ್ಕಿದ್ದವು; ಒಂದೊಂದರ ಬೆಲೆ ಒಂದು ಮೊಣಕಾಲಿನ ಆಪರೇಷನ್ನಿಗೆ ಸಾಲುವಷ್ಟು. ಎಡಗೂಬೆಯನ್ನು ಮಾತ್ರ ಅಂಗಡಿಯಲ್ಲಿ ಇಟ್ಟಿದ್ದಳು. ಜೋಡಿ ಕಂಡರೆ ಗಿರಾಕಿ ಒಂದಕ್ಕೊಂದು ಫ್ರೀ ಕೇಳುತ್ತಾನೆ. ಒಂದನ್ನು ಕೊಂಡು ಮನೆಗೊಯ್ದು ಪ್ರೀತಿ ಬೆಳೆದ ಮೇಲೆ, 'ಇದರ ಜೊತೆಯದೂ ಒಂದಿದೆ' ಎಂದರೆ ಕೇಳಿದಷ್ಟು ಕೊಡುತ್ತಾನೆ. ಇದು ಅಕ್ಕನಿಗೆ ಅಪ್ಪ ಕಲಿಸಿದ ವಿದ್ಯೆ. ಹಾಗಾಗಿ ಬಲಗೂಬೆ ಮನೆಯ ಫ್ರಿಜ್ಜಿನ ಮೇಲೆ ಕೂತಿತ್ತು. ಅದರ ತಲೆಗೆ ಅಕ್ಕನ ಗಂಡ ದಿನವೂ ತನ್ನ ಟೋಪಿ ಹಾಕುತ್ತಿದ್ದ.

ಗಂಡ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತನಾದವನು. ಜೀವನವಿಡೀ ಹಸಿರು ಬಾವುಟ ಬೀಸಿದ ಕೈ. ಯಾರು ಏನು ಕೇಳಿದರೂ ಹೂಂ ಎನ್ನುತ್ತಿತ್ತು. ಗೂಬೆಯ ಬೆಲೆಯನ್ನು ಅಕ್ಕ ಅವನಿಗೆ ಹೇಳಿರಲಿಲ್ಲ. ಹೇಳಿದ್ದರೆ ಸಂಜೆಯೊಳಗೆ ಊರಿಗೆಲ್ಲ ಸಿಳ್ಳೆ ಹೊಡೆದು ಹೇಳುತ್ತಿದ್ದ.

ಸೋಮವಾರ ಅಂಗಡಿಯಲ್ಲಿ ಧೂಳು ಒರೆಸುವ ದಿನ. ಬೆಲೆಚೀಟಿಗಳನ್ನು ಬಿಚ್ಚಿ ಒಂದು ತಂತಿಗೆ ಪೋಣಿಸುವುದು, ಸಾಮಾನು ಒರೆಸುವುದು, ತಂತಿಯಲ್ಲಿದ್ದ ಸಾಲಿನಲ್ಲೇ ಮತ್ತೆ ಕಟ್ಟುವುದು. ಅಕ್ಕ ಎಡಚಿ. ಶೆಲ್ಫಿನ ಬಲತುದಿಯ, ಎಲೆಯಡಿಕೆ ಉಗುಳುವ ಪೀಕದಾನಿಯಿಂದ ಹೊರಟು ಎಡತುದಿಯ ಗೂಬೆಗೆ ಬರುತ್ತಾಳೆ. ಅವತ್ತು ಚೀಟಿ ಬಿಚ್ಚಿ ಪೋಣಿಸಿದ್ದಷ್ಟೆ, ಡಾಕ್ಟರ ಬಳಿ ಹೋಗಲು ಹೊತ್ತಾಯಿತೆಂದು ಗಂಡನಿಗೆ ಒಪ್ಪಿಸಿ ಹೋದಳು. ಗಂಡ ಪಾಪ ಬಲಗೈಯವನು. ಎಡತುದಿಯಿಂದ ಕಟ್ಟುತ್ತಾ ಹೋದ. ಹಿತ್ತಾಳೆ ಪೀಕದಾನಿಗೆ ಗೂಬೆಯ ಬೆಲೆ ಬಂತು, ಗೂಬೆಗೆ ಪೀಕದಾನಿಯ ಬೆಲೆ. ಇಡೀ ಶೆಲ್ಫಿನಲ್ಲಿ ಪ್ರಾಮಾಣಿಕವಾಗಿ ಉಳಿದದ್ದು ನಟ್ಟನಡುವೆ ಇದ್ದ ದುರ್ಬೀನು ಒಂದೇ.

ಅಕ್ಕ ಕುಂಟುತ್ತಾ ವಾಪಸು ಬಂದಾಗ ಗಂಡ ಬಾಗಿಲಲ್ಲೇ ನಿಂತಿದ್ದ, ಮುಖದ ತುಂಬ ಹಲ್ಲು.

"ಒಂದು ವ್ಯಾಪಾರ ಮಾಡ್ದೆ ಕಣೇ. ನಿನ್ನ ಚೌಕಾಸಿ ಸಾಹೇಬ ಬಂದಿದ್ದ. ಆ ಗೂಬೆ ತಗೊಂಡ."

ಅಕ್ಕ ಅವನನ್ನು ದಾಟಿ ಶೆಲ್ಫಿನ ಕಡೆ ಹೋದಳು. "ಎಷ್ಟಕ್ಕೆ?"

"ಚೀಟೀಲಿ ಇದ್ದಷ್ಟಕ್ಕೇ. ನೀನು ಸುಮ್ನೆ ಅವನ್ನ ಬೈತೀಯ. ಇವತ್ತು ಒಂದು ಪೈಸೆ ಚೌಕಾಸಿ ಮಾಡ್ಲಿಲ್ಲ. ಕಾಗದಾನೂ ಸುತ್ತಬೇಡಿ ಅಂದ, ಎದೆಗೆ ಅವಚ್ಕೊಂಡು ಓಡಿದ."

ಅಕ್ಕ ಪೀಕದಾನಿಯ ಕೊರಳಿನ ಚೀಟಿ ನೋಡಿದಳು. ಅಲ್ಲಿ ಅವಳ ಎಡ ಮೊಣಕಾಲು ನೇತಾಡುತ್ತಿತ್ತು.

ಚೌಕಾಸಿ ಸಾಹೇಬ ಎಂದರೆ ಹಳೇ ಸಾಮಾನು ಕೊಂಡು ದೊಡ್ಡವರಿಗೆ ದಾಟಿಸುವ ದಲ್ಲಾಳಿ. ಚೌಕಾಸಿ ಇಲ್ಲದೆ ಅವನು ಹೆಂಡತಿಯ ಕೈಯಿಂದ ಎರಡನೇ ಚಪಾತಿಯನ್ನೂ ಇಸಿದುಕೊಂಡವನಲ್ಲ. ಒಂದು ವರ್ಷದಿಂದ ಆ ಗೂಬೆಯ ಮುಂದೆ ಸ್ಟೂಲು ಹಾಕಿಕೊಂಡು, ಅಕ್ಕನ ದುಡ್ಡಿನ ಚಹಾ ಕುಡಿಯುತ್ತಾ, 'ಸ್ವಲ್ಪ ಇಳಿಸಿ' ಎನ್ನುತ್ತಿದ್ದ.

ಅಕ್ಕ ಕೂರಲೂ ಇಲ್ಲ. ಆಟೋ ಹಿಡಿದು ಅವನ ಮನೆಗೆ ಹೋದಳು. ಗೂಬೆ ಆಗಲೇ ನಡುಮನೆಯ ಗಾಜಿನ ಕಪಾಟಿನಲ್ಲಿ, ಪುಟ್ಟ ದೀಪದ ಕೆಳಗೆ, ಅಳಿಯನ ಹಾಗೆ ಕೂತಿತ್ತು.

"ಬನ್ನಿ ಅಕ್ಕ, ಕೂತ್ಕೊಳ್ಳಿ. ಕಾಲು ಹೇಗಿದೆ?"

"ಕಾಲು ನಿಮ್ಮ ಕಪಾಟಲ್ಲಿದೆ. ಚೀಟಿ ಅದಲುಬದಲಾಗಿದೆ ಸಾಹೇಬ್ರೇ, ನಿಮಗೂ ಗೊತ್ತು. ನಿಮ್ಮ ದುಡ್ಡು ತಗೊಳ್ಳಿ, ಗೂಬೆ ಕೊಡಿ."

"ನನಗೇನು ಗೊತ್ತು? ಚೀಟಿ ಓದಿದೆ, ದುಡ್ಡು ಕೊಟ್ಟೆ."

"ಒಂದು ವರ್ಷದಿಂದ ಬೆಲೆ ಇಳಿಸಿ ಇಳಿಸಿ ಅಂತ ನನ್ನ ಪ್ರಾಣ ತಿಂದಿದೀರಿ."

"ಕೊನೆಗೂ ಇಳಿಸಿದ್ರಿ ಅಂದ್ಕೊಂಡೆ." ಸಾಹೇಬ ಮೀಸೆಯಡಿಯಲ್ಲಿ ನಕ್ಕ. "ನಿಮ್ಮ ಗಲ್ಲಾಪೆಟ್ಟಿಗೆ ಮೇಲೆ ಬೋರ್ಡ್ ಇದೆಯಲ್ಲ ಅಕ್ಕ, ಮಾರಿದ ಮಾಲು ವಾಪಸು ತೆಗೆದುಕೊಳ್ಳಲಾಗುವುದಿಲ್ಲ ಅಂತ. ಆ ಕಾಲು ಮುರಿದ ಕುರ್ಚಿ ತಂದಾಗ ನನಗೆ ಅದನ್ನೇ ಓದಿಸಿ ಕಳಿಸಿದ್ರಿ. ಮರೆತ್ರಾ?"

ಅಕ್ಕ ಮರೆತಿರಲಿಲ್ಲ. ಕುರ್ಚಿಯ ಕಾಲು ಮುರಿದಿದ್ದು ಅಂಗಡಿಯಲ್ಲೇ, ಅಂಟು ಹಚ್ಚಿದ್ದೂ ಅವಳೇ.

"ನಿಮ್ಮ ಯಜಮಾನ್ರ ತಪ್ಪಿಗೆ ನನ್ನ ಮೇಲೆ ಗೂಬೆ ಕೂರಿಸಬೇಡಿ," ಎಂದು ಸಾಹೇಬ ಕಪಾಟಿನ ಗಾಜನ್ನು ಕರವಸ್ತ್ರದಿಂದ ಒರೆಸಿದ. "ಭಾನುವಾರ ಬಿಸ್ಕತ್ ಫ್ಯಾಕ್ಟರಿ ಅಮ್ಮಾವ್ರು ಬರ್ತಾರೆ. ಅವರಿಗೆ ಗೂಬೆ ಹುಚ್ಚು, ಮನೇಲಿ ಗೂಬೆಗೇ ಒಂದು ರೂಮಿದೆ. ಇಂಥದ್ದು ಲೋಕದಲ್ಲಿ ಇದೊಂದೇ ಅಂತ ಹೇಳಿದೀನಿ. ಕುಣೀತಾ ಇದ್ದಾರೆ."

ಇನ್ನೊಂದು ನಮ್ಮನೆ ಫ್ರಿಜ್ ಮೇಲಿದೆ ಎಂದು ಹೇಳಲು ಅಕ್ಕ ಬಾಯಿ ತೆರೆದಳು. ತೆರೆದ ಬಾಯಿಗೆ ಸಾಹೇಬನ ಹೆಂಡತಿ ತಂದಿಟ್ಟ ನೀರು ಸುರಿದುಕೊಂಡು, ಮುಚ್ಚಿದಳು. ಅವತ್ತು ಆ ಮನೆಯ ಮೆಟ್ಟಿಲು ಇಳಿಯುವಾಗ ಅವಳಿಗೆ ಕಾಲು ನೋಯಲೇ ಇಲ್ಲ.

ಆದರೂ ನ್ಯಾಯ ಕೇಳುವುದು ಒಂದು ಬಾಕಿ ಉಳಿಯಬಾರದೆಂದು ವರ್ತಕರ ಸಂಘದ ಅಧ್ಯಕ್ಷರ ಬಳಿ ಹೋದಳು. ಅವರದು ಬಟ್ಟೆ ಅಂಗಡಿ, ಅಲ್ಲೂ ಅದೇ ಬೋರ್ಡು. "ಈ ಪಂಚಾಯ್ತಿ ಮಾಡಿದ್ರೆ ನಾಳೆ ಎಲ್ಲಾ ಹೆಂಗಸ್ರೂ ಸೀರೆ ಹಿಡ್ಕೊಂಡು ವಾಪಸು ಬರ್ತಾರಮ್ಮ. ಬಿಟ್ಬಿಡಿ," ಎಂದರು.

ಅಕ್ಕ ಬಿಡುವ ಜಾತಿಯವಳಲ್ಲ. ಮನೆಗೆ ಬಂದು ಫ್ರಿಜ್ಜಿನ ಮೇಲಿನ ಗೂಬೆಯ ತಲೆಯಿಂದ ಟೋಪಿ ಕಿತ್ತು ಗಂಡನ ಕೈಗೆ ಕೊಟ್ಟಳು.

"ಸಾಕು. ಇನ್ಮೇಲೆ ಟೋಪಿ ಬೇರೆಯವರಿಗೆ."

ಬೆಲೆ ಕೇಳಿದ ಮೇಲೆ ಗಂಡ ಆ ಗೂಬೆಯನ್ನು ಮುಟ್ಟಲೂ ಹೆದರುತ್ತಿದ್ದ. ಅಕ್ಕ ಅದನ್ನು ಅಂಗಡಿಗೆ ತಂದು, ಬೀದಿಗೆ ಕಾಣುವ ಗಾಜಿನ ಹಿಂದೆ ಕೂರಿಸಿ, ಕೊರಳಿಗೆ ಚೀಟಿ ಕಟ್ಟಿದಳು. ಪೀಕದಾನಿಯ ಬೆಲೆ.

"ಏನ್ ಮಾಡ್ತಿದೀಯ?" ಗಂಡ ಪಿಸುಗುಟ್ಟಿದ. "ಆ ಅಮ್ಮಾವ್ರಿಗೇ ಸರಿಯಾದ ಬೆಲೆಗೆ ಮಾರು. ಒಂದು ಕಾಲಾದ್ರೂ ಆಗುತ್ತೆ."

"ಒಂದು ಕಾಲು ಹೊಸದಾದ್ರೆ, ಇನ್ನೊಂದು ಕಾಲು ನೋವಾದಾಗೆಲ್ಲ ಅವನ ಮೀಸೆ ನೆನಪಾಗುತ್ತೆ. ಅವನು ನಗಬಾರದು ರೀ. ಅಷ್ಟೇ ನನಗೆ."

"ಅವನಿಗೋಸ್ಕರ ನಿನ್ನ ಕಾಲು ಯಾಕೆ ಮುರ್ಕೋತೀಯ?"

"ಮುರಿದಿರೋ ಕಾಲೇ ಅಲ್ವಾ."

ಗಂಡ ಮೊದಲ ಬಾರಿಗೆ ಕೆಂಪು ಬಾವುಟ ತೋರಿಸಲು ನೋಡಿದ. ಅಕ್ಕನ ಗಾಡಿ ನಿಲ್ದಾಣ ಬಿಟ್ಟಾಗಿತ್ತು. ಬಿಸ್ಕತ್ ಫ್ಯಾಕ್ಟರಿಗೆ ಫೋನು ಮಾಡಿ, 'ಗೂಬೆಯೊಂದು ಬಂದಿದೆ, ಭಾನುವಾರ ಬೆಳಿಗ್ಗೆ ಈ ಕಡೆ ಬಂದ್ರೆ ನೋಡಿ' ಎಂದಳು.

ಅಮ್ಮಾವ್ರು ಬಂದರು. ದಪ್ಪ ಚೌಕಟ್ಟಿನ ಕನ್ನಡಕ, ಅದರ ಹಿಂದೆ ಎರಡು ಗುಂಡು ಕಣ್ಣು; ಗೂಬೆಗೂ ಅವರಿಗೂ ನಂಟು ಹೇಗೆ ಕೂಡಿತೆಂದು ಯಾರೂ ಕೇಳಬೇಕಿರಲಿಲ್ಲ. ಗೂಬೆಯನ್ನು ಎತ್ತಿ, ಬುಡ ನೋಡಿ, ಚೀಟಿ ನೋಡಿ, ಮತ್ತೆ ಚೀಟಿ ನೋಡಿದರು.

"ಬೆಲೆ ತಪ್ಪಾಗಿರಬೇಕಲ್ವಾ?"

ಅಕ್ಕನ ಬಲ ಮೊಣಕಾಲು ಕಳಕ್ ಎಂದಿತು. ಹೌದು ಎಂದರೆ ಸಾಕಿತ್ತು. ಈ ಹೆಂಗಸು ಕೊಡುತ್ತಿದ್ದಳು. ಅಕ್ಕನ ಕಣ್ಣಿಗೆ ಕಪಾಟಿನ ಗಾಜು ಒರೆಸುವ ಕರವಸ್ತ್ರ ಬಂತು.

"ಸರಿಯಾಗೇ ಇದೆ ಅಮ್ಮ. ಇದು ಜೋಡೀಲಿ ಬಲಗಡೇದು. ಎಡಗಡೇದನ್ನ ಸೋಮವಾರ ಇದೇ ಬೆಲೆಗೆ ಕೊಟ್ಟೆ. ಚೌಕಾಸಿ ಸಾಹೇಬ್ರು ಅಂತ, ನಮ್ಮ ಹಳೇ ಗಿರಾಕಿ."

ಅಮ್ಮಾವ್ರು ಗೂಬೆಯನ್ನು ಮೆಲ್ಲಗೆ ಕೆಳಗಿಟ್ಟರು. "ಲೋಕದಲ್ಲಿ ಒಂದೇ ಅಂದಿದ್ರಲ್ಲ ಅವರು."

"ಅವರ ಲೋಕ ಚಿಕ್ಕದು ಅಮ್ಮ."

ಅಮ್ಮಾವ್ರು ನಗಲಿಲ್ಲ. ಚೀಟಿಯಲ್ಲಿದ್ದಷ್ಟು ಕೊಟ್ಟು, ಗೂಬೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಸಾಹೇಬನ ಮನೆಯ ಕಡೆ ಹೊರಟರು.

ಮಧ್ಯಾಹ್ನ ಊಟದ ಹೊತ್ತಿಗೆ ಸಾಹೇಬ ಬಂದ. ಮೀಸೆ ಜೋತುಬಿದ್ದಿತ್ತು. ಕಂಕುಳಲ್ಲಿ ಟವೆಲ್ ಸುತ್ತಿದ ಗಂಟು, ಅದರಿಂದ ಒಂದು ಹಳದಿ ಕಣ್ಣು ಹೊರಗಿಣುಕುತ್ತಿತ್ತು.

"ಏನ್ ಮಾಡಿಬಿಟ್ರಿ ಅಕ್ಕ. ನನ್ನ ನಡುಮನೇಲಿ ನಿಂತು, ನನ್ನ ಹೆಂಡತಿ ಮುಂದೆ, ಸುಳ್ಳುಗಾರ ಅಂದ್ರು. ನೀವು ತಗೊಂಡ ಬೆಲೆಗೇ ಕೊಟ್ರೆ ಕೊಡಿ, ಇಲ್ಲಾಂದ್ರೆ ಇಟ್ಕೊಂಡು ಕಾವು ಕೂರಿ ಅಂದ್ರು. ಅವರ ಬಳಗದವರಿಗೆಲ್ಲ ಫೋನ್ ಹೋಗಿದೆ. ಇನ್ನು ನನ್ನ ಹತ್ರ ಯಾರೂ ಚಮಚಾನೂ ತಗೊಳ್ಳಲ್ಲ."

"ಅಯ್ಯೋ. ಚಹಾ ತರಿಸ್ಲಾ?"

"ಇದನ್ನ ವಾಪಸು ತಗೊಳ್ಳಿ. ನಾನು ಸುಳ್ಳುಗಾರ ಅಲ್ಲ, ಚೀಟಿ ಗೊಂದಲ ಆಗಿತ್ತು, ವಾಪಸು ಕೊಟ್ಟೆ ಅಂತ ಅಮ್ಮಾವ್ರಿಗೆ ಒಂದು ಮಾತು ಹೇಳಿ. ಕೊಟ್ಟ ದುಡ್ಡೂ ಬೇಡ."

ಅಕ್ಕ ಗಂಟನ್ನು ನೋಡಿದಳು. ತನ್ನ ಎಡಗಾಲು ತಾನಾಗಿ ನಡೆದು ಬಂದಿತ್ತು. ಹಿಂದೆ ಗಂಡ ಅದನ್ನು ಇಸಿದುಕೊಳ್ಳಲು ಆಗಲೇ ಎರಡೂ ಕೈ ಚಾಚಿದ್ದ.

ಅವಳು ಎಡಗೈ ಎತ್ತಿ ಗಲ್ಲಾಪೆಟ್ಟಿಗೆಯ ಮೇಲೆ ತೋರಿಸಿದಳು.

"ಓದಿ ಸಾಹೇಬ್ರೇ. ಜೋರಾಗಿ."

"ಅಕ್ಕ..."

"ಕನ್ನಡಕ ಬೇಕಾ? ನಮ್ಮ ದುರ್ಬೀನಿದೆ, ಅದರ ಬೆಲೆ ಸರಿಯಾಗೇ ಇದೆ."

ಸಾಹೇಬ ಓದಲಿಲ್ಲ. ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ, ಬಿಸಿಲಿಗೆ ಇಳಿದ. ಗೂಬೆ ಅವನ ಕಂಕುಳ ಸಂದಿಯಿಂದ ಅಕ್ಕನನ್ನೇ ನೋಡುತ್ತಾ ಹೋಯಿತು.

ಗಂಡ ಪೀಕದಾನಿಯನ್ನು ಬಟ್ಟೆಯಿಂದ ಉಜ್ಜುತ್ತಾ ಕೇಳಿದ, "ಇದರ ಚೀಟಿ ಬದಲಾಯಿಸ್ಲಾ? ಇನ್ನೂ ಗೂಬೆ ಬೆಲೇನೇ ಇದೆ."

"ಇರ್ಲಿ ಬಿಡಿ. ಯಾರಾದ್ರೂ ಚೌಕಾಸಿ ಮಾಡ್ದೆ ತಗೊಂಡ್ರೆ ಕಾಲು ಮಾಡಿಸ್ಕೋತೀನಿ."

ಊಟದ ಡಬ್ಬಿ ಅಟ್ಟದ ಮೇಲಿತ್ತು. ಗಂಡ ತರುತ್ತೇನೆಂದರೂ ಕೇಳದೆ ಅಕ್ಕ ಮೆಟ್ಟಿಲ ಕಂಬಿ ಹಿಡಿದು ತಾನೇ ಹತ್ತಿದಳು. ಮೆಟ್ಟಿಲಿಗೊಮ್ಮೆ ಮೊಣಕಾಲು ಕಳಕ್ ಎನ್ನುತ್ತಿತ್ತು. ಒಂದೊಂದು ಕಳಕ್‌ಗೂ ಅವಳಿಗೆ ಆ ಜೋತುಬಿದ್ದ ಮೀಸೆ ಕಣ್ಣಿಗೆ ಕಟ್ಟಿ, ನಗು ಬರುತ್ತಿತ್ತು. ಮೇಲೆ ಹೋಗಿ ಕೂತವಳಿಗೆ ಮಾತ್ರ, ಡಬ್ಬಿ ಹಿಡಿದು ಕೆಳಗಿಳಿಯುವುದು ಹೇಗೆಂದು ಹೊಳೆಯಲಿಲ್ಲ. ಅಲ್ಲೇ ಕೂತು ಊಟ ಮಾಡಿದಳು.