ಅಡ್ಡ ಗೋರಿ

“ನೋಡಿ ಅಯ್ಯನವರೇ, ಬದುಕಿದ್ದಾಗಲೂ ಅಡ್ಡ, ಸತ್ತ ಮೇಲೂ ಅಡ್ಡ,” ಎಂದು ಸುಗುಣಾನಂದ ಸುಣ್ಣದ ಕುಂಚವನ್ನು ಎತ್ತಿ ಸಭೆಯ ಪಾದ್ರಿಗೆ ನಾಗಲಿಂಗಯ್ಯನವರ ಗೋರಿಯನ್ನು ತೋರಿಸಿದ. ಕುಂಚದಿಂದ ಎರಡು ತೊಟ್ಟು ಸುಣ್ಣ ಅವನ ಬೂಟಿನ ಮೇಲೆ ಬಿತ್ತು. ಅವನು ಗೋರಿಯನ್ನು ಬಿಟ್ಟು ಬೂಟನ್ನು ನೋಡಿಕೊಂಡ.

ಈಸ್ಟರಿನ ಹಿಂದಿನ ಶನಿವಾರ ಶಿರಾದ ಆ ಸಣ್ಣ ಕ್ರೈಸ್ತ ಸಭೆಯವರೆಲ್ಲ ಸಮಾಧಿ ತೋಟಕ್ಕೆ ಬಂದು, ಕಳೆ ಕಿತ್ತು, ಗೋರಿಗಳಿಗೆ ಸುಣ್ಣ ಬಳಿಯುವುದು ಮಿಶನ್ ದೊರೆಗಳ ಕಾಲದಿಂದ ನಡೆದುಬಂದದ್ದು. ಮರುದಿನ ನಸುಕಿನಲ್ಲಿ ಅಲ್ಲಿಯೇ ಮೇಣದಬತ್ತಿ ಹಿಡಿದು, ಪೂರ್ವಕ್ಕೆ ಮುಖ ಮಾಡಿ ನಿಂತು, ಸೂರ್ಯ ಹುಟ್ಟುವ ಹೊತ್ತಿಗೆ ಪುನರುತ್ಥಾನದ ಹಾಡು ಹಾಡಬೇಕು. ಸತ್ತವರನ್ನೂ ಹಾಗೆಯೇ ಮಲಗಿಸಿದ್ದರು, ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಕಡೆಯ ದಿನ ಕರ್ತನು ಪೂರ್ವದಿಂದ ಬರುವಾಗ ಗೋರಿಯಿಂದ ಎದ್ದು ಕುಳಿತವರಿಗೆ ಎದುರಿಗೇ ಕಾಣಬೇಕಲ್ಲ. ಆ ಬಿಳಿಯ ಸಾಲಿನಲ್ಲಿ ನಾಗಲಿಂಗಯ್ಯನವರ ಮಣ್ಣಿನ ದಿಬ್ಬವೊಂದೇ ಉತ್ತರ ದಕ್ಷಿಣವಾಗಿ ಬಿದ್ದಿತ್ತು. ಮಣ್ಣು ಮಾಡಿ ಒಂದು ತಿಂಗಳಾಗಿದ್ದರೂ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸತ್ತವರ ಕಡೆಗೆ ವರ್ಷಕ್ಕೊಂದು ಸಲ ಬರುವವರಿಗೆ ಬೀಳುವುದಾದರೂ ಹೇಗೆ? ಈ ವರ್ಷ ತುಮಕೂರಿನಿಂದ ಮೇಲಧಿಕಾರಿ ಪಾದ್ರಿಗಳಾದ ದೊಡ್ಡ ಅಯ್ಯನವರು ಬರುವವರಿದ್ದುದರಿಂದ ಎಲ್ಲರಿಗೂ ಕಣ್ಣು ಬಂದಿತ್ತು.

ಸುಗುಣಾನಂದ ಸಭೆಯ ಖಜಾಂಚಿ. ಹೈಸ್ಕೂಲಿನಲ್ಲಿ ಗುಮಾಸ್ತ. ಸುಣ್ಣ ಬಳಿಯಲಿಕ್ಕೂ ಟೈ ಕಟ್ಟಿಕೊಂಡು ಬಂದಿದ್ದ.

“ಏನ್ಲಾ ಸುಗುಣ, ಇಷ್ಟು ದಿನ ಇಲ್ದಿದ್ದ ಕಣ್ಣು ಇವತ್ತು ಬಂತಾ?” ಎಂದು ಹಿಂದಿನಿಂದ ದನಿ ಬಂತು. ನಾಗಲಿಂಗಯ್ಯನವರ ಹೆಂಡತಿ ಸಮಾಧಾನಮ್ಮ ಕೊಡೆ ಊರಿಕೊಂಡು ನಿಂತಿದ್ದರು. “ಮಣ್ಣು ಮಾಡಿದ್ ದಿನ ಪೆಟ್ರೋಮ್ಯಾಕ್ಸ್ ಹಿಡ್ಕೊಂಡು ನಿಂತಿದ್ದೋನು ನೀನೇ ಅಲ್ವೇನೋ?”

“ಕತ್ತಲಾಗಿತ್ತು ಅಮ್ಮ. ದಿಕ್ಕು ತಿಳೀಲಿಲ್ಲ.”

“ಕೈಯಾಗೆ ದೀಪ ಇದ್ದೋನಿಗೇ ಕತ್ತಲು!”

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಮಿಶನ್ನಿನ ಉಪದೇಶದ ಕೆಲಸದಲ್ಲಿ ಹಳ್ಳಿ ಹಳ್ಳಿ ತಿರುಗಿದ ಸಮಾಧಾನಮ್ಮನವರ ನಾಲಿಗೆ ಅವರ ಹೆಸರಿಗೆ ಎಂದೂ ಹೊಂದಿದ್ದಿಲ್ಲ. ನಾಗಲಿಂಗಯ್ಯ ಬೇರೆ ತರಹದವರು. ವಯಸ್ಸಾದ ಮೇಲೆ ದೀಕ್ಷಾಸ್ನಾನ ತೆಗೆದುಕೊಂಡರೂ ಹಳೆಯ ಹೆಸರನ್ನು ಬಿಡಲಿಲ್ಲ. ಭಾನುವಾರ ಆರಾಧನೆ ಬಿಟ್ಟು, ಸಂತೆಯಿದ್ದ ಊರಿಗೆ ಗೆಳೆಯ ಹಬೀಬ್ ಸಾಬರ ಜೊತೆ ಮಾರುವ ಕಂಬಳಿ ಹೊತ್ತು ಹೋಗಿಬಿಡುತ್ತಿದ್ದರು. ಸಭೆಯವರು ಅದನ್ನು ಕ್ಷಮಿಸಿದ್ದೇವೆಂದು ಆಗಾಗ ಹೇಳಿ ಜ್ಞಾಪಿಸುತ್ತಿದ್ದರು.

“ನಗೋ ವಿಷಯ ಅಲ್ಲ ಇದು,” ಎಂದ ಸುಗುಣಾನಂದ. “ಸಾಬಿ ಕೈಲಿ ಗುಣಿ ತೋಡಿಸಿದ್ರೆ ಇನ್ನೇನಾಗುತ್ತೆ? ಅವರ ಪದ್ಧತಿಗೆ ಉತ್ತರ ದಕ್ಷಿಣ ತೋಡಿದಾರೆ. ಕ್ರೈಸ್ತರು ಖಬರಸ್ತಾನ ಮಾಡ್ಕೊಂಡ್ರು ಅಂತ ಊರೆಲ್ಲ ಆಡ್ಕೊಳ್ಳುತ್ತೆ.”

“ತೋಡಿಸಿದ್ದು ಯಾರಪ್ಪ? ನೀವ್ಯಾರಾದ್ರೂ ಹಾರೆ ಮುಟ್ಟಿದ್ರಾ?”

ನಾಗಲಿಂಗಯ್ಯ ತೀರಿಕೊಂಡದ್ದು ರಂಜಾನ್ ತಿಂಗಳಲ್ಲಿ. ಗುಣಿ ತೋಡುವ ಗಂಗಹನುಮಯ್ಯ ಜ್ವರ ಬಂದು ಮಲಗಿದ್ದ. ಸಭೆಯ ಗಂಡಸರು ಬೇವಿನ ಮರದ ನೆರಳಿನಲ್ಲಿ ನಿಂತು ಯಾರನ್ನು ಕರೆಸಬೇಕೆಂದು ಮಧ್ಯಾಹ್ನದವರೆಗೂ ಚರ್ಚೆ ಮಾಡಿದರು. ಸುದ್ದಿ ತಿಳಿದ ಹಬೀಬ್ ಸಾಬರು ಹಾರೆ ಹಿಡಿದು ಬಂದು, ಯಾರನ್ನೂ ಕೇಳದೆ ಅಗೆಯಲು ನಿಂತರು. ರೋಜಾ ಇದ್ದವರು. ಆ ಬಿಸಿಲಿನಲ್ಲಿ, ಆ ಗರಸು ಮಣ್ಣಿನಲ್ಲಿ, ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯಲಿಲ್ಲ. ತಮ್ಮ ತಂದೆಗೆ ಹೇಗೆ ತೋಡಿದ್ದರೋ ಹಾಗೆಯೇ ಗೆಳೆಯನಿಗೂ ತೋಡಿದರು. ಗುಣಿಗೆ ಬೇರೆ ದಿಕ್ಕೂ ಇರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಕೊನೆಯ ಬಸ್ಸಿಗೆ ಬಂದ ಅಯ್ಯನವರು ಪ್ರಾರ್ಥನೆ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು.

“ಆದದ್ದಾಯ್ತು,” ಎಂದ ಸುಗುಣಾನಂದ. “ಈಗ ತೆಗೆಸಿ ಸರಿಯಾಗಿ ಮಲಗಿಸಬೇಕು. ಬೆಳಕಿರುವಾಗಲೇ ಆಗಿಬಿಡಲಿ.”

“ತೆಗೆಸೋದಾ?” ಸಮಾಧಾನಮ್ಮನವರ ಕೊಡೆ ನೆಲದಲ್ಲಿ ಇಳಿಯಿತು. “ತಿಂಗಳಾಗೈತೆ ಕಣ್ಲಾ. ಪೆಟ್ಟಿಗೆ ಮುಚ್ಚಳ ತೆಗ್ದು ಆ ಮುಖ ನೋಡೋ ಎದೆ ಐತಾ ನಿಂಗೆ?”

“ನಾನೇನು ಹೊಸದು ಹೇಳ್ತಿಲ್ಲ ಅಮ್ಮ. ನೀವೇ ಹೇಳಿಕೊಟ್ಟಿದ್ದು. ಭಾನುವಾರದ ಶಾಲೇಲಿ ನಮ್ಮನ್ನೆಲ್ಲ ಚಾಪೆ ಮೇಲೆ ಪೂರ್ವಕ್ಕೆ ಕಾಲು ಮಾಡಿಸಿ ಮಲಗಿಸ್ತಿದ್ರಿ. ಕಣ್ಣು ಮುಚ್ಚಿ, ನೀವೆಲ್ಲ ಸತ್ತಿದ್ದೀರಿ ಅಂತಿದ್ರಿ. ಕೈ ತಟ್ಟಿದ ಕೂಡ್ಲೇ ಎದ್ದು ಕೂತ್ಕೋಬೇಕು. ಒಂದಿನ ನಾನು ಬಾಗಿಲ ಕಡೆ ತಿರುಗಿ ಮಲಗಿದ್ದಕ್ಕೆ ಕಿವಿ ಹಿಂಡಿದ್ರಿ. ಕರ್ತನಿಗೆ ಬೆನ್ನು ತೋರಿಸಿ ಏಳ್ತೀಯೇನೋ ಅಂದ್ರಿ. ಮರೆತುಹೋಯ್ತಾ?”

ಹೆಂಗಸರ ನಗು ನಿಂತಿತು. ಅವರಲ್ಲಿ ಅರ್ಧ ಜನ ಅದೇ ಚಾಪೆಯ ಮೇಲೆ ಸತ್ತು ಎದ್ದವರು. ಸಮಾಧಾನಮ್ಮ ಸುಗುಣಾನಂದನ ಕಿವಿಯನ್ನೇ ನೋಡುತ್ತ ನಿಂತರು. ಅದು ಸುಳ್ಳೆಂದು ಹೇಳಲು ಅವರಿಂದ ಆಗುತ್ತಿರಲಿಲ್ಲ.

“ಹೇಳ್ಕೊಟ್ಟಿದ್ದೆ ಕಣಪ್ಪ,” ಎಂದರು ಕಡೆಗೆ. “ಆಗ ನಮ್ಮನೇಲಿ ಯಾರೂ ಸತ್ತಿರ್ಲಿಲ್ಲ.”

ಸುಗುಣಾನಂದ ಇದನ್ನು ಒಪ್ಪಿಗೆಯೆಂದು ತಿಳಿದ. ಅವನಂಥವರಿಗೆ ಎದುರಿನವರು ಮೆತ್ತಗಾದರೆ ತಾವು ಗೆದ್ದಂತೆ. ಅಗೆಯುವವರನ್ನು ಕರೆತರಲು ಯಾರನ್ನೋ ಕೂಗಿದ. ಅಷ್ಟರಲ್ಲಿ ಬೇಲಿಯ ಗೇಟು ಕಿರ್ರೆಂದಿತು. ಹಬೀಬ್ ಸಾಬರು ಬಂದರು. ಅಡ್ಡ ಗೋರಿಯ ಸುದ್ದಿ ಬೆಳಿಗ್ಗೆಯೇ ಪೇಟೆಯವರೆಗೂ ಹೋಗಿತ್ತು. ಹೆಗಲ ಮೇಲೆ ಹಾರೆಯಿತ್ತು.

“ಯಾರ್ನೂ ಕರೀಬ್ಯಾಡಿ,” ಎಂದರು ತಲೆಯೆತ್ತದೆ. “ತಪ್ಪು ನಂದು. ನಾನೇ ತೆಗೀತೀನಿ, ನಾನೇ ತಿರುಗಿಸಿ ಮಲಗಿಸ್ತೀನಿ. ಭಾಬಿ, ನೀವು ಮನೇಗೆ ಹೋಗಿ. ನಾಗಣ್ಣನ ಮೈಗೆ ಬೇರೆಯೋರ ಕೈ ಬ್ಯಾಡ.”

ಸಮಾಧಾನಮ್ಮ ಹೋಗಿ ದಿಬ್ಬದ ಮಗ್ಗುಲಿಗೆ ನೆಲದ ಮೇಲೆ ಕುಳಿತರು. ಕೊಡೆ ಬಿಚ್ಚಿ ತಲೆಯ ಮೇಲೆ ಹಿಡಿದುಕೊಂಡರು.

“ಹಾರೆ ಕೆಳಗಿಡಿ ಸಾಬ್ರೇ. ರೋಜಾ ಹಿಡಿದು ತೋಡಿದ ಗುಣಿ ಇದು. ಈ ಟೈ ಕಟ್ಟಿದೋನು ಹೇಳ್ದ ಅಂತ ತೆಗೆಯೋಕೆ ನಾ ಬಿಡಲ್ಲ.”

ಹಬೀಬ್ ಸಾಬರು ಹಾರೆ ಇಡಲೂ ಇಲ್ಲ, ಎತ್ತಲೂ ಇಲ್ಲ. ಅಯ್ಯನವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಅವರು ಚಿಕ್ಕ ವಯಸ್ಸಿನವರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಎಲ್ಲರಿಗೂ ತಲೆಯಾಡಿಸಿ ಅಭ್ಯಾಸವಾಗಿತ್ತು.

“ಒಂದು ಮಾತು ಹೇಳಲೇ?” ಎಂದರು ಮೆಲ್ಲಗೆ. “ಒಳಗಿರೋದು ಹಾಗೇ ಇರಲಿ. ಮೇಲಿನ ದಿಬ್ಬವನ್ನಷ್ಟೇ ಕೆಡವಿ, ಪೂರ್ವ ಪಶ್ಚಿಮವಾಗಿ ಕಟ್ಟಿ, ಸುಣ್ಣ ಬಳಿದುಬಿಟ್ಟರೆ? ನಾಳೆ ನೋಡುವವರಿಗೆ...”

“ಅದೇ ಸರಿ ಅಯ್ಯನವರೇ!” ಸುಗುಣಾನಂದನ ಮುಖ ಅರಳಿತು. “ಅರ್ಧ ಗಂಟೆ ಕೆಲಸ. ಒಳಗೆ ಹೆಂಗಿದ್ರೇನು, ಯಾರು ಬಗ್ಗಿ ನೋಡ್ತಾರೆ?”

ಸಮಾಧಾನಮ್ಮ ನಕ್ಕುಬಿಟ್ಟರು. ಗಂಡ ಸತ್ತ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಕೇಳುವವರಿಗೆ ಹಿತವಾಗುವ ನಗುವಲ್ಲ ಅದು.

“ಕೇಳಿದ್ರಾ ಸಾಬ್ರೇ? ಇಷ್ಟೊತ್ತು ನಮ್ಮೆಜಮಾನ್ರು ಕರ್ತನಿಗೆ ಬೆನ್ನು ಹಾಕ್ತಾರೆ ಅಂತ ಒದ್ದಾಡ್ತಿದ್ದ. ಈಗ ಒಳಗೆ ಹೆಂಗಿದ್ರೂ ಆಯ್ತಂತೆ. ಕಡೇ ದಿನ ಎದ್ದು ಬರೋದು ದಿಬ್ಬಾನೇನ್ಲಾ, ಮನುಷ್ಯ ಅಲ್ವಾ?”

ಸುಗುಣಾನಂದ ಬಗ್ಗಿ ಬೂಟಿನ ಮೇಲಿನ ಸುಣ್ಣ ಒರೆಸಿಕೊಂಡ.

“ಅಯ್ಯನವರೇ, ನೀವು ಓದಿದೋರು,” ಎಂದು ಆಕೆ ಮುಂದುವರಿಸಿದರು. ನಗು ಇಳಿದಿತ್ತು. “ಕರ್ತನು ಎದ್ದ ದಿನ ತೋಟದಾಗೆ ಮರಿಯಳು ಆತನ ಗೋರಿ ಕಡೆ ಮುಖ ಮಾಡ್ಕೊಂಡು ಅಳ್ತಾ ನಿಂತಿದ್ಲು. ಕರ್ತನು ನಿಂತಿದ್ದು ಹಿಂದೆ. ಅವಳಿಗೆ ತಿಳೀಲಿಲ್ಲ. ಹೆಸರು ಹಿಡಿದು ಕರೆದ, ತಿರುಗಿದ್ಲು. ಅಷ್ಟೇ ಅಲ್ವಾ? ನಮ್ಮೆಜಮಾನ್ರಿಗೂ ಹಂಗೆ ತಿರುಗೋದು ಬರ್ತಿತ್ತು. ಸಂತೆ ಗದ್ಲದಾಗೆ ಈ ಸಾಬ್ರು ಒಂದ್ಸಲ ಕೂಗಿದ್ರೆ ಸಾಕು, ಹೆಗಲ ಮ್ಯಾಲೆ ಕಂಬಳಿ ಹೊರೆ ಇದ್ರೂ ತಿರುಗ್ತಿದ್ರು. ಕರ್ತನು ಕರೆದ್ರೆ ತಿರುಗಲ್ವಾ? ಇಲ್ಲಾ, ಆತನಿಗೆ ಇವರ ಹೆಸರು ಗೊತ್ತಿಲ್ಲ ಅಂತೀರಾ?”

ಇಷ್ಟು ಹೇಳಿ ಆಕೆ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಅಯ್ಯನವರು ಕರವಸ್ತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. “ಬಿಡಿ ಸುಗುಣಾನಂದರೇ,” ಎಂದರು. “ಇದ್ದ ಹಾಗೇ ಇರಲಿ. ದೊಡ್ಡ ಅಯ್ಯನವರು ಕೇಳಿದರೆ ನಾನು ಹೇಳ್ತೀನಿ.”

“ಹಂಗಾದ್ರೆ ಸಭೆಯ ಸುಣ್ಣ ಅದಕ್ಕಿಲ್ಲ.”

“ನಿನ್ನ ಸುಣ್ಣ ನೀನೇ ಬಳ್ಕೋ ಹೋಗು,” ಎಂಬ ಮಾತು ಕೊಡೆಯ ಹಿಂದಿನಿಂದ ಬಂತು.

ಹಬೀಬ್ ಸಾಬರು ಹೆಗಲ ಮೇಲಿದ್ದ ಹಾರೆಯೊಂದಿಗೇ ಹೊರಟುಹೋದರು.

ಮರುದಿನ ನಸುಕಿನಲ್ಲಿ ದೊಡ್ಡ ಅಯ್ಯನವರು ಬಿಳಿಯ ನಿಲುವಂಗಿ ತೊಟ್ಟು ಬಂದರು. ಸಭೆ ಮೇಣದಬತ್ತಿ ಹಿಡಿದು ಸಾಲಾಗಿ ನಿಂತಿತು. ಬಿಳಿಯ ಗೋರಿಗಳ ನಡುವೆ ಕೆಂಪು ದಿಬ್ಬ ಇದ್ದ ಹಾಗೇ ಇತ್ತು. ದೊಡ್ಡ ಅಯ್ಯನವರು ಅದರ ಪಕ್ಕದಲ್ಲೇ ಹಾದುಹೋದರು. ಅವರು ಅದನ್ನು ನೋಡಲೇ ಇಲ್ಲ. ಅವರ ಗಮನವೆಲ್ಲ ನಿಲುವಂಗಿಯ ಅಂಚು ಇಬ್ಬನಿಯಲ್ಲಿ ನೆನೆಯದಂತೆ ಎತ್ತಿಹಿಡಿಯುವುದರಲ್ಲಿತ್ತು.

ಹಾಡು ಶುರುವಾದಾಗ ಎಲ್ಲರೂ ಪೂರ್ವಕ್ಕೆ ತಿರುಗಿದರು. ಸಮಾಧಾನಮ್ಮನವರ ಕಾಲುಗಳೂ ತಾವಾಗಿಯೇ ತಿರುಗಿದವು. ಆಯುಷ್ಯವೆಲ್ಲ ತಿರುಗಿದ ಕಾಲುಗಳು. ಒಂದು ಸಾಲು ಹಾಡಿದ ಮೇಲೆ ಆಕೆ ಹಾಡು ನಿಲ್ಲಿಸಿದರು. ಎತ್ತ ನೋಡಬೇಕೆಂದು ತಿಳಿಯದವರ ಹಾಗೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಸಾಲು ಬಿಟ್ಟು ಬಂದು, ದಿಬ್ಬದ ತೆಂಕಣ ತುದಿಯಲ್ಲಿ, ಗಂಡನ ಕಾಲ ಬಳಿ, ಅವರು ಎದ್ದು ಕುಳಿತರೆ ಎದುರಾಗುವಂತೆ, ಉತ್ತರಕ್ಕೆ ಮುಖ ಮಾಡಿ ನಿಂತರು.

ಬಿಸಿಲು ತಂಗಡಿ ಪೊದೆಗಳನ್ನು ದಾಟಿ ಬಂದು ಹಾಡುವವರ ಮುಖಗಳ ಮೇಲೆ ಬಿತ್ತು. ಆಕೆಗೆ ಅದು ಬಲಗೆನ್ನೆಗಷ್ಟೇ ತಾಕಿತು. ಎಡಗೆನ್ನೆ ಇನ್ನೂ ತಣ್ಣಗಿತ್ತು.