ನಿಲಂಗಾ ಬಸ್ಸಿನ ಡಬ್ಬಿ

ನಮ್ಮ ಕಸುಬಿನಲ್ಲಿ ಕಳ್ಳತನವಾಗುವುದು ಉತ್ತರಗಳದ್ದು. ಲಾತೂರಿನ ಒಂದು ತರಬೇತಿ ಸಂಸ್ಥೆಯಲ್ಲಿ ಒಂಬತ್ತು ವರ್ಷದಿಂದ ನಾನು ಜೀವಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಡಾಕ್ಟರಾಗಬೇಕೆಂದು ಹಳ್ಳಿಹಳ್ಳಿಯಿಂದ ಬಂದ ಮಕ್ಕಳು ನನ್ನೆದುರು ಕೂರುತ್ತಾರೆ. ಸರಿಯುತ್ತರಕ್ಕೆ ನಾಲ್ಕು ಮಾರ್ಕು, ತಪ್ಪಿದರೆ ಒಂದು ಕಡಿತ. ಉತ್ತರದ ಹಾಳೆಯಲ್ಲಿ ಒಂದು ವೃತ್ತ ತಪ್ಪಾಗಿ ತುಂಬಿದರೆ ಐದು ಮಾರ್ಕಿನ ಅಂತರ. ಐದು ಮಾರ್ಕಿನಲ್ಲಿ ಐದು ಸಾವಿರ ಮಕ್ಕಳು ಮುಂದೆ ಹೋಗಿಬಿಡುತ್ತಾರೆ. ಹಾಗಾಗಿ ನಾನು ಯಾರನ್ನೂ ನಂಬುವುದಿಲ್ಲ. "ಶೈಲಜಾ, ನೀ ಮೊಸರು ತಗೊಂಡ್ರೂ ಹಾಲು ಯಾವ ಎಮ್ಮೀದು ಅಂತ ಕೇಳ್ತೀ" ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ. ಕೇಳಿದರೆ ತಪ್ಪೇನು ಎಂದೇ ನಾನು ಈ ಜನವರಿಯವರೆಗೂ ತಿಳಿದಿದ್ದೆ.

ನಮ್ಮಲ್ಲಿ ಎ ಇಂದ ಎಫ್ ತನಕ ಬ್ಯಾಚುಗಳಿವೆ. ಎ ಬ್ಯಾಚಿಗೆ ನಾನೇ ಪಾಠ ಮಾಡುತ್ತೇನೆ. ಎಫ್ ಬ್ಯಾಚಿಗೆ ನಿನ್ನೆ ಮೊನ್ನೆ ಡಿಗ್ರಿ ಮುಗಿಸಿದ ಹುಡುಗರು ಪಾಠ ಮಾಡುತ್ತಾರೆ, ಅಲ್ಲಿ ಕೂತವರಿಂದ ಯಾರೂ ಏನೂ ನಿರೀಕ್ಷಿಸುವುದಿಲ್ಲ. ಅಂಥ ಎಫ್ ಬ್ಯಾಚಿನ ಮುಕ್ತಾ ಮುಸಂಡೆ ಎಂಬ ಹುಡುಗಿಗೆ ಪಚನಕ್ರಿಯೆಯ ಪರೀಕ್ಷೆಯಲ್ಲಿ ನೂರ ಎಂಬತ್ತಕ್ಕೆ ನೂರ ಎಪ್ಪತ್ತು ಬಂತು. ಅದಕ್ಕೂ ಮುಂಚೆ ಆಕೆ ನೂರು ದಾಟಿದವಳಲ್ಲ. ಮುಂದಿನ ವಾರ ಉಸಿರಾಟದ ಪರೀಕ್ಷೆ. ಅದರಲ್ಲೂ ನೂರ ಎಪ್ಪತ್ತು.

ಪ್ರಶ್ನೆಪತ್ರಿಕೆ ತೆಗೆಯುವವಳು ನಾನು. ಅದು ಇರುವುದು ಸಿಬ್ಬಂದಿ ಕೋಣೆಯ ನನ್ನ ಕಪಾಟಿನಲ್ಲಿ. ಅಲ್ಲಿಂದಲೇ ಸೋರಿದೆ ಎಂದುಕೊಂಡೆ.

ಹುಡುಗಿಯರ ವಸತಿಗೃಹ ನೋಡಿಕೊಳ್ಳುವ ಇಂದುಬಾಯಿಯನ್ನು ಕರೆದು ವಿಚಾರಿಸಿದೆ. ಆಕೆಗೆ ಹೇಳಲು ಒಬ್ಬರು ಬೇಕಾಗಿತ್ತು.

"ನಾನೇ ಹೇಳಬೇಕಂತಿದ್ದೆ ಮ್ಯಾಡಮ್. ಆ ಹುಡುಗಿ ನಮ್ಮ ಮೆಸ್ಸಿನ್ಯಾಗ ಉಣ್ಣಂಗಿಲ್ಲ. ನಿಲಂಗಾ ಬಸ್ಸಿಗೆ ಊರಿಂದ ಡಬ್ಬಿ ಬರ್ತದ."

"ಅರ್ಧ ಲಾತೂರಿಗೇ ಬಸ್ಸಿನಾಗ ಡಬ್ಬಿ ಬರ್ತದ. ಅದರಾಗೇನು?"

"ಡಬ್ಬಿಯೊಳಗ ಜೋಳದ ಭಾಕರಿ ಅಷ್ಟೇ ಬಂದ್ರ ನಾ ಯಾಕ ಹೇಳ್ತಿದ್ದೆ? ಮುಚ್ಚಳದ ಕೆಳಗ ಕಾಗದ ಇರ್ತದ. ಉಣ್ಣೂಕಿಂತ ಮೊದಲು ಅದನ್ನ ತಗೀತಾಳ, ಓದ್ತಾಳ, ಒಬ್ಬಾಕೀನೇ ನಗ್ತಾಳ. ಆಮ್ಯಾಲ ಅದರ ಹಿಂದ ಏನೋ ಗೀಚಿ, ಖಾಲಿ ಡಬ್ಬಿಯೊಳಗ ಹಾಕಿ ತಿರುಗಿ ಕಳಸ್ತಾಳ. ದಿನಾ."

"ನೀವು ಓದಿ ನೋಡಿದ್ರೇನು?"

"ನನಗ ಕನ್ನಡಕ ಇಲ್ಲದ ಏನ್ ಕಾಣ್ತದ್ರಿ? ಪ್ರೇಮಪತ್ರ ಅಂತ ಮಾಡಿದ್ದೆ. ಒಂದ್ಸಲ ಹಣಿಕಿ ಹಾಕಿದ್ರ ಒಂದು, ಎರಡು, ಮೂರು ಅಂತ ನಂಬರ್ ಹಾಕಿತ್ತು. ಪ್ರೀತಿ ಮಾಡೋರು ನಂಬರ್ ಹಾಕ್ತಾರೇನ್ರಿ?"

ನನಗೆ ಎಲ್ಲ ಹೊಂದಿಕೊಂಡಿತು. ಒಳಗಿನವರು ಯಾರೋ ಪ್ರಶ್ನೆಗಳನ್ನು ಆಕೆಗೆ ಕೊಡುತ್ತಾರೆ, ಅವು ಖಾಲಿ ಡಬ್ಬಿಯಲ್ಲಿ ಹೊರಗೆ ಹೋಗುತ್ತವೆ, ಹೊರಗೊಬ್ಬರು ಬಿಡಿಸಿ ಭಾಕರಿಯ ಜೊತೆ ಉತ್ತರ ಕಳಿಸುತ್ತಾರೆ. ಇಂಥ ಹಂಚಿಕೆ ಹೂಡಿದವರ ಬುದ್ಧಿಗೆ ಒಳಗೊಳಗೇ ಮೆಚ್ಚಿಗೆಯೂ ಆಯಿತು.

ಮರುದಿನ ಮುಕ್ತಾಳನ್ನು ಸಿಬ್ಬಂದಿ ಕೋಣೆಗೆ ಕರೆಸಿದೆ. ಸಣಕಲು ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಕೂರು ಎಂದರೂ ಕೂರಲಿಲ್ಲ.

"ಪಿತ್ತರಸ ಎಲ್ಲಿ ಹುಟ್ಟತದ?"

"ಯಕೃತ್ತಿನ್ಯಾಗ್ರಿ. ಪಿತ್ತಕೋಶದಾಗ ಬರೇ ಕೂಡಿ ಇರ್ತದ. ಠೇಚಾ ಚಟ್ನಿಯೊಳಗಿನ ಎಣ್ಣಿ ಸಣ್ಣಕರುಳಿಗೆ ಬಂದಾಗ ಅಲ್ಲಿಗೆ ಇಳಿದು ಎಣ್ಣಿಯನ್ನ ಸಣ್ಣ ಸಣ್ಣ ಹನಿ ಮಾಡ್ತದ."

"ಠೇಚಾ ಯಾಕ ಬಂತು ನಡುವ?"

ಹುಡುಗಿ ತಲೆ ತಗ್ಗಿಸಿದಳು.

"ಓಡಿದಾಗ ಉಸಿರು ಯಾಕ ಜೋರಾಗ್ತದ? ಆಮ್ಲಜನಕ ಕಡಿಮಿ ಆಗಿದ್ದಕ್ಕ?"

"ಮುಖ್ಯವಾಗಿ ಅದಕ್ಕಲ್ರಿ. ರಕ್ತದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾದ್ರ ಮಿದುಳಿಗೆ ಮೊದಲು ಗೊತ್ತಾಗ್ತದ. ತುತ್ತು ಒಳಗ ಇಳೀತಂದ್ರ ನೀವೂ ಅದರ ಬೆನ್ನಹತ್ತಿ ಇಳೀಬೇಕು, ಉಸಿರೂ ಹಂಗ."

ನನ್ನ ಕಿವಿ ನೆಟ್ಟಗಾಯಿತು. 'ತುತ್ತಿನ ಬೆನ್ನಹತ್ತಿ ಒಳಗೆ ಇಳಿಯಿರಿ' ಎನ್ನುವುದು ನಾನು ಎ ಬ್ಯಾಚಿನಲ್ಲಿ ಪ್ರತಿ ವರ್ಷ ಹೇಳುವ ಮಾತು. ಈ ಹುಡುಗಿ ನನ್ನ ತರಗತಿಯ ಹೊಸ್ತಿಲು ತುಳಿದವಳಲ್ಲ. ಪ್ರಶ್ನೆಗಳ ಜೊತೆ ನನ್ನ ಮಾತನ್ನೂ ಕದ್ದಿದ್ದಾಳೆ ಎನಿಸಿ ಮೈ ಉರಿಯಿತು.

"ಡಬ್ಬಿಯೊಳಗ ಕಾಗದ ಯಾರು ಕಳಸ್ತಾರ?"

"ಅಕ್ಕ ಕಳಸ್ತಾಳ್ರಿ."

"ಏನಿರ್ತದ ಅದರಾಗ?"

"ಪ್ರಶ್ನೆ ಇರ್ತಾವ. ಓದಿದ್ದು ನೆನಪಿರಲಿ ಅಂತ."

"ಎಷ್ಟು ಓದ್ಯಾಳ ನಿಮ್ಮಕ್ಕ?"

"ನರ್ಸ್ ಇದ್ದಾಳ್ರಿ. ಸರ್ಕಾರಿ ದವಾಖಾನೀಯೊಳಗ."

ಹಳ್ಳಿ ದವಾಖಾನೆಯ ನರ್ಸು ನೂರ ಎಪ್ಪತ್ತು ಮಾರ್ಕು ತೆಗೆಸುತ್ತಾಳಂತೆ. ಕಿವಿಯ ಮೇಲೆ ಹೂ ಇಡುವುದಕ್ಕೂ ಒಂದು ಮಿತಿ ಬೇಡವೇ? ಆಕೆಯನ್ನು ಕಳಿಸಿ ನಾನು ಬಲೆ ಹೆಣೆಯಲು ಕೂತೆ.

ಮುಂದಿನ ಪರೀಕ್ಷೆ ರಕ್ತಪರಿಚಲನೆಯದು, ನಲವತ್ತೈದು ಪ್ರಶ್ನೆ. ಸರಿಯುತ್ತರಗಳ ಪಟ್ಟಿಯನ್ನು ಮನೆಯಲ್ಲಿಟ್ಟು, ಒಂದು ಉತ್ತರವನ್ನು ಮಾತ್ರ ತಿದ್ದಿದ ಸುಳ್ಳು ಪಟ್ಟಿಯನ್ನು ಕಪಾಟಿನಲ್ಲಿಟ್ಟೆ. ಬೀಗ ಹಾಕಲಿಲ್ಲ. ಉತ್ತರವೇ ಸಿಕ್ಕರೆ ಕಳ್ಳರು ಪ್ರಶ್ನೆ ಬಿಡಿಸುವ ಕಷ್ಟ ಪಡುವುದಿಲ್ಲ. ತಿದ್ದಿದ್ದು ಮೂವತ್ತೇಳನೆಯದು: ಹೃದಯದ ಬಡಿತ ಹುಟ್ಟುವ ಗಂಟು ಎಲ್ಲಿದೆ? ಬಲ ಹೃತ್ಕರ್ಣದ ಮೇಲಿನ ಮೂಲೆಯಲ್ಲಿ. ಸುಳ್ಳು ಪಟ್ಟಿಯಲ್ಲಿ 'ಎಡ ಹೃತ್ಕರ್ಣ' ಎಂದು ಬರೆದೆ. ಪುಸ್ತಕದಲ್ಲಿರುವುದು ನಮ್ಮೆದುರು ನಿಂತವನ ಹೃದಯ, ಹಾಗಾಗಿ ಹಾಳೆಯ ಎಡಗಡೆ ಇರುವುದು ಆತನ ಬಲಗಡೆ. ಕಲಿಯುವಾಗ ಇದರಲ್ಲಿ ಎಡವುವವರುಂಟು. ಉಳಿದ ನಲವತ್ತನಾಲ್ಕನ್ನೂ ಸರಿ ಮಾಡುವ ಹುಡುಗಿ ಮಾತ್ರ ಈ ಹಳ್ಳಕ್ಕೆ ಬೀಳುವುದಿಲ್ಲ. ನೂರಾರು ಪ್ರಶ್ನೆಗಳಲ್ಲಿ ಅದೇ ಏಕೆ ಕೈಗೆ ಬಂತು ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಫಲಿತಾಂಶ ಬಂತು. ಮುಕ್ತಾ ಮುಸಂಡೆ, ನೂರ ಎಪ್ಪತ್ತೈದು. ನಲವತ್ತನಾಲ್ಕು ಸರಿ, ಒಂದೇ ತಪ್ಪು. ಮೂವತ್ತೇಳನೆಯದು. ಎಡ ಹೃತ್ಕರ್ಣ.

ಆ ಹೊತ್ತು ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಫಲಿತಾಂಶದ ಹಾಳೆಯನ್ನೂ ಸುಳ್ಳು ಪಟ್ಟಿಯನ್ನೂ ಹಿಡಿದುಕೊಂಡೇ ಸಂಸ್ಥೆಯ ಮುಖ್ಯಸ್ಥರಾದ ಭೋಸೀಕರ ಸರ್ ಬಳಿಗೆ ಹೋದೆ. ಅವರು ಎರಡು ಸಲ ನೋಡಿದರು.

"ಶೈಲಜಾ ಮ್ಯಾಡಮ್, ಒಂದ ಪ್ರಶ್ನೆ ಮ್ಯಾಲ ಹೆಂಗ ಹೇಳ್ತೀರಿ? ತಪ್ಪು ಯಾರಿಗಾದ್ರೂ ಆಗ್ತದ."

"ಅಲ್ಲಿ ನಾಲ್ಕು ಆಯ್ಕೆ ಇದ್ದವು ಸರ್. ಸರೀದು ಬಿಟ್ಟು ಮೂರು. ಆಕಿ ನಾ ಬರೆದಿಟ್ಟ ಸುಳ್ಳನ್ನೇ ಆರಿಸ್ಯಾಳ. ಇನ್ನೇನ್ ಬೇಕು?"

"ಹಂಗಾದ್ರ ಮನಿಯವರನ್ನ ನಾಳೆ ಬರಲಿಕ್ಕ ಹೇಳ್ರಿ. ಹೆಸರು ಹೊಡದುಹಾಕೋಣ. ಜನವರಿಯೊಳಗ ಇನ್ಯಾರೂ ಆಕಿನ್ನ ತಗೊಳ್ಳೋದಿಲ್ಲ, ಅದು ನಿಮಗ ಗೊತ್ತದ ಅಲ್ಲ?"

"ಗೊತ್ತದ" ಎಂದೆ. ಡಾಕ್ಟರಿ ಪ್ರವೇಶ ಪರೀಕ್ಷೆ ಮೇ ತಿಂಗಳಲ್ಲಿ. ಈಗ ಹೆಸರು ಹೋದರೆ ಹುಡುಗಿಯ ಈ ವರ್ಷ ಹೋಯಿತು, ಅಂಥ ಮನೆಗಳಲ್ಲಿ ಇನ್ನೊಂದು ವರ್ಷ ಸಿಗುವುದೂ ಕಷ್ಟ. ಗೊತ್ತಿದ್ದೇ ಹೇಳಿದೆ.

ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ನಾನೇ ಬಸ್ ಸ್ಟ್ಯಾಂಡಿಗೆ ಹೋದೆ. ಮನೆಯವರು ಬಂದು ಕಥೆ ಕಟ್ಟುವ ಮೊದಲು ಆ ದಿನದ ಡಬ್ಬಿ ನನ್ನ ಕೈಗೆ ಸಿಗಬೇಕಿತ್ತು. ಅಲ್ಲಿ ಎಂದಿನ ಗದ್ದಲ. ಬಸ್ಸು ಬಂದು ನಿಲ್ಲುವುದೇ ತಡ, ಗೇರಿನ ಪಕ್ಕ ಒಟ್ಟಿದ ಬಟ್ಟೆಚೀಲಗಳನ್ನು ಡ್ರೈವರು ಕಿಟಕಿಯಿಂದ ಇಳಿಸುತ್ತಾನೆ, ಮಕ್ಕಳು ತಮ್ಮ ತಮ್ಮ ಹೆಸರು ನೋಡಿ ಎತ್ತಿಕೊಳ್ಳುತ್ತಾರೆ. ಮುಕ್ತಾ ಕಂಬಕ್ಕೆ ಒರಗಿ ನಿಂತಿದ್ದಳು. ನನ್ನನ್ನು ಕಂಡು ನೆಟ್ಟಗಾದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂದುಕೊಂಡೆ.

ನಿಲಂಗಾ ಬಸ್ಸು ಬಂತು. ಈ ಸಲ ಚೀಲ ಕಿಟಕಿಯಿಂದ ಇಳಿಯಲಿಲ್ಲ. ಮೂವತ್ತರ ಒಳಗಿನ ಒಬ್ಬ ಹೆಂಗಸು ಅದನ್ನು ಹಿಡಿದು ಬಾಗಿಲಿನಿಂದ ಇಳಿದಳು. ಇನ್ನೊಂದು ಕೈಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟು. ಮುಕ್ತಾ ಓಡಿಹೋಗಿ ಆಕೆಯ ಸೆರಗು ಹಿಡಿದಳು.

"ಡಬ್ಬಿ ಇಲ್ಲಿ ಕೊಡ್ರಿ" ಎಂದೆ.

ಆಕೆ ಕೊಟ್ಟಳು. ಕಲ್ಲುಬೆಂಚಿನ ಮೇಲಿಟ್ಟು ತೆರೆದೆ. ಮೂರು ಜೋಳದ ಭಾಕರಿ, ಠೇಚಾ, ಪುಂಡಿಪಲ್ಲೆ. ಮುಚ್ಚಳದ ಕೆಳಗೆ ಮಡಿಸಿದ ಚೀಟಿ.

'ಒಂದು. ಭಾಕರಿಯ ಮೊದಲ ತುತ್ತು ಅಗಿಯುವಾಗಲೇ ಸಿಹಿಯಾಗುವುದೇಕೆ? ಎರಡು. ಪುಂಡಿಪಲ್ಲೆಯ ನಾರನ್ನು ನೀನು ಏಕೆ ಅರಗಿಸಲಾರೆ, ಎಮ್ಮೆ ಹೇಗೆ ಅರಗಿಸುತ್ತದೆ? ಮೂರು. ಸ್ಟ್ಯಾಂಡಿನಿಂದ ಓಡಿ ಹೋಗಬೇಡ, ನಡೆದು ಹೋಗು, ನಾಡಿ ಎಣಿಸಿ ಬರೆ.'

ಇದರಲ್ಲಿ ನಮ್ಮ ಪತ್ರಿಕೆಯ ಒಂದು ಪ್ರಶ್ನೆಯೂ ಇರಲಿಲ್ಲ. ಅನುಮಾನವೂ ಹಸಿವಿನ ಹಾಗೆ, ಬರಿಗೈಯಲ್ಲಿ ಹಿಂದೆ ಹೋಗುವುದಿಲ್ಲ. "ಇದನ್ನೆಲ್ಲ ನಿಮಗ ಯಾರು ಬರಕೊಡ್ತಾರ?" ಎಂದು ಕೇಳಿದೆ.

"ಯಾರೂ ಇಲ್ರಿ ಮ್ಯಾಡಮ್. ನೀವೇ ಕೊಟ್ಟಿದ್ದು" ಎಂದಳು ಆಕೆ. "ನನ್ನ ಗುರ್ತು ಹತ್ತಲಿಲ್ಲ ನಿಮಗ. ನಾನು ಜನಾ ಮುಸಂಡೆ. ನಿಮ್ಮ ಮೊದಲನೇ ಬ್ಯಾಚು. ಇಪ್ಪತ್ತೊಂದು ಮಂದಿ ಇದ್ದಿವಿ. ಪರೀಕ್ಷಾದಾಗ ಮೂರು ಮಾರ್ಕಿಗೆ ಸೀಟು ಹೋತು ನಂದು. ಮತ್ತೊಮ್ಮೆ ಬರೀಲಿಕ್ಕ ಮನ್ಯಾಗ ಒಪ್ಪಲಿಲ್ಲ, ನರ್ಸಿಂಗಿಗೆ ಹೋದೆ. ಕಾಪಿ ಹೊಡದಾಳ ಅಂತ ಆಫೀಸಿಂದ ಫೋನ್ ಬಂತು, ಅದಕ್ಕ ಎಲ್ಲಾ ತಂದೀನಿ. ಪಚನಕ್ರಿಯೆ ಪಾಠ ಬಂದಾಗಿಂದ ಇವನ್ನ ನೋಡೇ ಆಕಿಗೆ ಪ್ರಶ್ನೆ ಕಳಸ್ತೀನಿ. ನೋಡ್ರಿ."

ಗಂಟು ಬಿಚ್ಚಿದಳು. ಒಳಗಿದ್ದದ್ದು ನನ್ನ ಅಕ್ಷರ.

ಮೊದಲ ವರ್ಷ ಅಚ್ಚಿನ ಪುಸ್ತಕಕ್ಕೆ ಸಮಯವಿರಲಿಲ್ಲ. ಕೈಯಲ್ಲಿ ಬರೆದು, ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ಹಂಚಿದ್ದೆ. ಹಾಳೆಗಳು ಹಳದಿಯಾಗಿದ್ದವು, ಅಂಚಿನಲ್ಲಿ ಜನಾಳ ಸಣ್ಣ ಅಕ್ಷರದಲ್ಲಿ 'ಮ್ಯಾಡಮ್ ಹೇಳಿದ್ದು' ಎಂದು ಅಲ್ಲಲ್ಲಿ ಟಿಪ್ಪಣಿ. 'ತುತ್ತಿನ ಬೆನ್ನಹತ್ತಿ ಒಳಗೆ ಇಳಿಯಿರಿ' ಮೊದಲ ಹಾಳೆಯ ತಲೆಯ ಮೇಲೇ ಇತ್ತು. ಹುಡುಗಿ ನನ್ನ ಮಾತನ್ನು ಕದ್ದಿರಲಿಲ್ಲ. ಅಕ್ಕನಿಂದ ಪಡೆದಿದ್ದಳು.

ಹೃದಯದ ಹಾಳೆ ಹುಡುಕಲು ನನಗೆ ಪುಟದ ಸಂಖ್ಯೆ ಬೇಕಾಗಲಿಲ್ಲ. ಅದರಲ್ಲಿ ಏನಿದೆ ಎಂಬುದು ನೋಡುವ ಮೊದಲೇ ಗೊತ್ತಿತ್ತು. ಹೃದಯದ ಚಿತ್ರದಲ್ಲಿ ಬಾಣ ಸರಿಯಾದ ಮೂಲೆಗೇ ಇತ್ತು. ಅದರ ಬಾಲದಲ್ಲಿ ನಾನು ಬರೆದದ್ದು 'ಎಡ ಹೃತ್ಕರ್ಣ'. ಅವಸರದಲ್ಲಿ ಹಾಳೆಯ ಎಡವನ್ನೇ ದೇಹದ ಎಡವೆಂದು ಬರೆದಿದ್ದೆ. ಮಕ್ಕಳಿಗೆ ಬೈಯುವ ತಪ್ಪನ್ನು ಮೊದಲು ಮಾಡಿದವಳು ನಾನು. ಮುಂದಿನ ಜೂನ್‌ನಲ್ಲಿ ಅಚ್ಚಿಗೆ ಕೊಡುವಾಗ ಕಣ್ಣಿಗೆ ಬಿತ್ತು. ಸದ್ದಿಲ್ಲದೆ ತಿದ್ದಿದೆ. ಹಳೆಯ ಇಪ್ಪತ್ತೊಂದು ಮಂದಿ ಪರೀಕ್ಷೆ ಬರೆದು ಊರು ಸೇರಿದ್ದರು, ಒಂದು ಬಾಣಕ್ಕಾಗಿ ಯಾರಿಗೆ ಕಾಗದ ಬರೆಯುವುದು ಎಂದು ಸುಮ್ಮನಾದೆ. ಮರೆತೆ ಎಂದುಕೊಂಡಿದ್ದೆ. ಬಲೆ ಹೆಣೆಯಲು ಕೂತಾಗ ಅದೇ ಕೈಗೆ ಬಂದಿತ್ತು.

ಸುಮ್ಮನಿದ್ದರೂ ನಡೆಯುತ್ತಿತ್ತು. ಆ ಹಾಳೆಯ ಮೇಲೆ ನನ್ನ ಹೆಸರಿರಲಿಲ್ಲ, ಭೋಸೀಕರ ಸರ್ ಅದನ್ನು ಕಂಡಿರಲಿಲ್ಲ. ಇನ್ನೊಂದು ಗಂಟೆಯಲ್ಲಿ ಹೆಸರು ಹೊಡೆದುಹಾಕಿ ಎಲ್ಲ ಮುಗಿಯುತ್ತಿತ್ತು. ಈ ವಿಚಾರ ನನಗೆ ಬಂತು, ಬರಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಮುಕ್ತಾ ಆಗಲೇ ಭಾಕರಿಯ ಚೂರು ಮುರಿದು ಬಾಯಿಗೆ ಹಾಕಿಕೊಂಡು, ಸಿಹಿಯಾಗುವವರೆಗೆ ಅಗಿಯುತ್ತ ನಿಂತಿದ್ದಳು. ಅಕ್ಕ ಬಂದ ಮೇಲೆ ಆಕೆಗೆ ಹೆದರಿಕೆಯೇ ಹೋಗಿತ್ತು.

ಅವರಿಬ್ಬರ ಎದುರಿಗೇ ಫೋನ್ ಹಚ್ಚಿದೆ.

"ಸರ್, ಹುಡುಗಿ ಕಾಪಿ ಹೊಡದಿಲ್ಲ. ಆ ತಪ್ಪು ಉತ್ತರ ನಂದೇ. ನನ್ನ ಹಳೇ ನೋಟ್ಸಿನ್ಯಾಗ ಅದ, ಆಕಿ ಅದನ್ನ ನಂಬಿ ಬರದಾಳ. ಹೌದು, ನನ್ನ ಕೈಯಾರೆ ಬರದಿದ್ದು. ಬಂದು ತೋರಸ್ತೀನಿ."

ಆ ಕಡೆ ಭೋಸೀಕರ ಸರ್ "ಬರ್ರಿ" ಎಂದಷ್ಟೇ ಹೇಳಿ ಇಟ್ಟರು.

ಜನಾ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಎಲ್ಲಿ ತಪ್ಪು ಎಂದು ಬೆರಳಿಟ್ಟು ತೋರಿಸಿದೆ. ಆಕೆ ಆ ಅಕ್ಷರವನ್ನು ನೋಡಿದಳು, ಬಳಿಕ ತನ್ನ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ಲೆಕ್ಕ ಹಾಕಿದಳು. ಆಕೆಯ ವರ್ಷದ ಪ್ರವೇಶ ಪರೀಕ್ಷೆಯ ಪತ್ರಿಕೆಯಲ್ಲಿ ಆ ಪ್ರಶ್ನೆ ಬಂದಿತ್ತು. ಹಳೆಯ ಪತ್ರಿಕೆಗಳೆಲ್ಲ ನನಗೆ ಬಾಯಿಪಾಠ, ಆಕೆಗಂತೂ ಆ ಒಂದು ಪತ್ರಿಕೆ ಮರೆಯುವಂಥದ್ದಲ್ಲ.

"ಮುಕ್ತಾನ ಹೆಸರು ಉಳೀತಲ್ರಿ?" ಎಂದು ಕೇಳಿದಳು.

"ಉಳೀತು. ನಾಳೆಯಿಂದ ನನ್ನ ಬ್ಯಾಚಿಗೆ ಬರ್ತಾಳ. ಆ ಪ್ರಶ್ನೆಯಾಗ ಹೋದ ಐದು ಮಾರ್ಕೂ ತಿರುಗಿ ಕೊಡಸ್ತೀನಿ."

ಜನಾ ತಲೆಯಾಡಿಸಿದಳು. ಹಾಳೆಯನ್ನು ಹಳೆಯ ಮಡಿಕೆಯ ಮೇಲೇ ಮಡಿಸಿ, ಗಂಟಿನೊಳಗೆ ಅದರ ಜಾಗದಲ್ಲೇ ಇಟ್ಟಳು. ಸೀರೆಯ ತುಂಡನ್ನು ಎರಡು ಸಲ ಬಿಗಿದು ಕಟ್ಟಿದಳು. ಆಮೇಲೆ ನನ್ನ ಮುಖ ನೋಡಿದಳು.

"ಮತ್ತ ನಂದು ಐದು, ಮ್ಯಾಡಮ್?"